ಬಂಜರು, ಇಳುವರಿ, ಪಟ್ಟಿ: ಜೀವಿಸಂಶೋಧನೆಯ ಮೂರು ಪದಗಳ ವಿಮರ್ಶೆ

ವಿಮರ್ಶೆಯು ಕಾವ್ಯನಾಟಕಾದಿಗಳಿಗೆ ಮಾತ್ರ ಸಲ್ಲತಕ್ಕ ಕಾರ್ಯವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ನೆಲೆಯೂರಿದೆ. ವಿಜ್ಞಾನದ ಬರವಣಿಗೆಯಲ್ಲಿ ಅಂಕಿಗಳು ಸರಿಯೇ ತಪ್ಪೇ ಎಂಬುದನ್ನು ಪರೀಕ್ಷಿಸುವರಲ್ಲದೆ, ಅದು ಬಳಸುವ ಪದಗಳನ್ನು ವಿಚಾರಕ್ಕೆ ತೆಗೆದುಕೊಳ್ಳುವವರು ವಿರಳ. ಆದರೆ ಶಾಸ್ತ್ರವೂ ಪದಗಳ ಮೂಲಕವೇ ನಡೆಯತಕ್ಕದ್ದು. ಒಂದು ಪದವನ್ನು ಒಪ್ಪಿಕೊಂಡೊಡನೆ ಒಂದು ನೋಟವನ್ನೂ ಒಪ್ಪಿಕೊಂಡಂತಾಗುತ್ತದೆ. ಆ ನೋಟಕ್ಕೆ ಕಾಣದ್ದು ಲೆಕ್ಕಕ್ಕೂ ಬಾರದೆ ಹೋಗುತ್ತದೆ. ವನ್ಯಜೀವಿಶಾಸ್ತ್ರ ಮತ್ತು ಕಡಲಿನ ಜೀವಿಪರಿಸರದ ನಿರ್ವಹಣೆ ಎಂಬ ಎರಡು ಕ್ಷೇತ್ರಗಳಲ್ಲಿ ಈಗ ನಡೆಯುತ್ತಿರುವ ಸಂಶೋಧನೆಯನ್ನು ಬಂಜರು, ಇಳುವರಿ, ಪಟ್ಟಿ ಎಂಬ ಮೂರು ಪದಗಳ ಆಧಾರದಿಂದ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಕಲಬುರಗಿಯಲ್ಲಿ ಕುಳಿತು ಕಡಲಿನ ಮಾತನಾಡುವುದೇಕೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕಮಲಾಪುರದ ದಾರಿಯಲ್ಲಿಯೇ ಇದೆ. ನಗರದಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿ ಕಮಲಾಪುರವನ್ನು ಮುಟ್ಟುವ ಮೊದಲು ಬೆಣ್ಣೆತೊರೆಯನ್ನು ದಾಟುತ್ತದೆ. ಈ ತೊರೆ ಕಾಗಿಣಾ ನದಿಯನ್ನೂ, ಕಾಗಿಣಾ ಭೀಮೆಯನ್ನೂ, ಭೀಮೆ ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನೂ ಕೂಡುತ್ತವೆ. ಕೃಷ್ಣೆ ಆಂಧ್ರದ ಕರಾವಳಿಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಣಿವೆಯಲ್ಲಿ ಬಿದ್ದ ಮಳೆ ಹರಿಯುವ ದಿಕ್ಕು ಕಡಲಿನ ದಿಕ್ಕೇ. ಕಡಲು ನಮಗೆ ದೂರವಾಗಿರಬಹುದು, ಸಂಬಂಧವಿಲ್ಲದ್ದಲ್ಲ. ಒಣನೆಲದ ಪ್ರಾಣಿಗಳಿಗೊಂದು ವಿಭಾಗ, ಸಿಹಿನೀರಿಗೊಂದು, ಉಪ್ಪುನೀರಿಗೊಂದು ಎಂದು ನಾವು ಮಾಡಿಕೊಂಡಿರುವ ಪಾಲುಪಟ್ಟಿ ಪಾಠದ ಅನುಕೂಲಕ್ಕಾಗಿ ಆದದ್ದು. ನೀರಿಗೆ ಅದರ ಅರಿವಿಲ್ಲ.

ಮೊದಲನೆಯ ಪದ ಬಂಜರು. ಹೈದರಾಬಾದ್ ಸಂಸ್ಥಾನದ ಕಾಲದಿಂದ ಬಂದ ನಮ್ಮ ಕಂದಾಯದ ಮಾತುಗಳಲ್ಲಿ ಗಾಯರಾಣ, ಪರಂಪೋಕ, ಖಾರಿಜ್ ಖಾತಾ ಎಂಬ ಪದಗಳು ಇಂದಿಗೂ ಬಳಕೆಯಲ್ಲಿವೆ. ಗಾಯರಾಣವೆಂದರೆ ದನ ಮೇಯುವ ನೆಲ. ಆ ಪದದಲ್ಲಿ ನೆಲದ ಉಪಯೋಗವೇ ಹೆಸರಾಗಿದೆ. ಖಾರಿಜ್ ಖಾತೆಯೆಂದರೆ ಕಂದಾಯದ ಲೆಕ್ಕದಿಂದ ಹೊರಗುಳಿದ ನೆಲ. ಅಲ್ಲಿ ಉಪಯೋಗದ ಮಾತೇ ಇಲ್ಲ, ಹಣ ಬರುವುದಿಲ್ಲವೆಂಬ ಒಂದೇ ಸಂಗತಿ ಇದೆ. ಆಂಗ್ಲರ ಆಡಳಿತವೂ ಕಂದಾಯ ಕೊಡದ ನೆಲವನ್ನು ವ್ಯರ್ಥಭೂಮಿ ಎಂದು ಕರೆಯಿತು. ದಫ್ತರದ ಈ ಪದ ಕಾಲಕ್ರಮದಲ್ಲಿ ಶಾಸ್ತ್ರದ ಪದವಾಯಿತು. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಲಿ ಸ್ಥಾಪಿತವಾಯಿತು. 2000ದಲ್ಲಿ ಹೈದರಾಬಾದಿನ ದೂರಸಂವೇದಿ ಸಂಸ್ಥೆಯ ನೆರವಿನಿಂದ ದೇಶದ ಬಂಜರುಭೂಮಿಯ ನಕಾಶೆಗಳ ಸಂಪುಟ ಪ್ರಕಟವಾಯಿತು. ಕುರುಚಲು ಬೆಳೆದ ನೆಲವೂ ಅದರಲ್ಲಿ ಒಂದು ವರ್ಗವಾಗಿ ಸೇರಿತು.

ಆ ಕುರುಚಲಿನಲ್ಲಿ ಏನಿದೆ ಎಂಬುದನ್ನು ನಮ್ಮ ಜಿಲ್ಲೆಯೇ ತೋರಿಸುತ್ತದೆ. 2011ರಲ್ಲಿ ಚಿಂಚೋಳಿಯ 134.88 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಒಣನಾಡಿನ ಕಾಡು ಕೂಡ ಕಾಡೇ ಎಂಬುದಕ್ಕೆ ಸರಕಾರದ ಮುದ್ರೆ ಬಿದ್ದದ್ದು ಆಗ. ಆದರೆ ಧಾಮದ ಎಲ್ಲೆಯ ಹೊರಗೆ, ಮಡ್ಡಿಗಳ ಮೇಲೆ, ಎರೆಹೊಲಗಳ ಅಂಚಿನಲ್ಲಿ ಬದುಕುವ ತೋಳ, ನರಿ, ಚಿಗರಿಗಳಿಗೆ ಅಂಥ ಮುದ್ರೆ ಇಲ್ಲ. ತೋಳವನ್ನೇ ತೆಗೆದುಕೊಳ್ಳೋಣ. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಕರ್ನಲ್ ಸೈಕ್ಸ್ 1831ರಲ್ಲಿ ದಖ್ಖನದ ತೋಳಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಭಾರತದ ತೋಳ ಜಗತ್ತಿನ ಗ್ರಂಥಗಳಲ್ಲಿ ಸ್ಥಾನ ಪಡೆದುದು ನಮ್ಮ ಪೀಠಭೂಮಿಯಿಂದಲೇ. ಇದು ದಟ್ಟವಾದ ಕಾಡನ್ನು ಬಯಸುವ ಪ್ರಾಣಿಯಲ್ಲ. ಬಯಲು, ಕುರುಚಲು, ಕುರಿಹಿಂಡು ಇರುವಲ್ಲಿ ಇರತಕ್ಕದ್ದು. ಅದರ ಮನೆಯನ್ನು ಬಂಜರೆಂದು ಬರೆದ ಮೇಲೆ ಆ ಮನೆಯನ್ನು ಸುಧಾರಿಸುವ ಹೆಸರಿನಲ್ಲಿ ಕೆಡಹುವುದಕ್ಕೆ ಅಡ್ಡಿಯೇನೂ ಉಳಿಯುವುದಿಲ್ಲ.

ಇದಕ್ಕೆ ನಿದರ್ಶನವನ್ನು ರಾಣೇಬೆನ್ನೂರಿನಲ್ಲಿ ನೋಡಬಹುದು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಧಾಮವಾದ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿಯ ನೆಡುತೋಪುಗಳಿವೆ. ನೆಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಬೋಳುನೆಲಕ್ಕೆ ಹಸಿರು ಹೊದಿಸುವುದು ಪುಣ್ಯದ ಕೆಲಸವೆಂದೇ ಎಲ್ಲರೂ ನಂಬಿದ್ದರು. ಆದರೆ ತೆರೆದ ಬಯಲಿನಲ್ಲಿ ದೂರಕ್ಕೆ ನೋಡುತ್ತ ಬದುಕುವ ಜೀವಿಗೆ ಮರಗಳ ಸಾಲು ಗೋಡೆಯಾಗುತ್ತದೆ. ಅಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ ಪಕ್ಷಿ ಈಗ ಇಲ್ಲ. ಸಲೀಂ ಅಲಿಯವರು ರಾಷ್ಟ್ರಪಕ್ಷಿಯಾಗಲೆಂದು ಸೂಚಿಸಿದ್ದ ಪಕ್ಷಿ ಇದು. 1963ರಲ್ಲಿ ಆ ಪದವಿ ನವಿಲಿಗೆ ಸಂದಿತು. ದೇಶದಲ್ಲಿ ಈಗ ಉಳಿದಿರುವ ಎರೆಭೂತಗಳು ಇನ್ನೂರಕ್ಕೂ ಕಡಮೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಎರೆಯ ನೆಲದಲ್ಲಿ ಭೂತದಂತೆ ಕಂಡು ಮರೆಯಾಗುವುದೆಂದು ನಮ್ಮವರು ಇಟ್ಟ ಹೆಸರು ಈಗ ಬೇರೊಂದು ಅರ್ಥದಲ್ಲಿ ನಿಜವಾಗಿದೆ.

ಈಚಿನ ಸಂಶೋಧನೆಯಲ್ಲಿ ಮೆಚ್ಚತಕ್ಕ ಒಂದು ತಿದ್ದುಪಡಿ ಆಗಿದೆ. ಎಂ. ಡಿ. ಮಧುಸೂದನ್ ಮತ್ತು ಅಬಿ ವನಕ್ ಅವರು 2022ರಲ್ಲಿ ಪ್ರಕಟಿಸಿದ ಅಧ್ಯಯನವು ಇಂಥ ನೆಲಗಳನ್ನು ಬಂಜರೆನ್ನದೆ ತೆರೆದ ಸಹಜ ಪರಿಸರಗಳೆಂದು ಕರೆದು ದೇಶದ ಅರೆಶುಷ್ಕ ಭಾಗದಲ್ಲಿ ಅವುಗಳ ನಕಾಶೆಯನ್ನು ರಚಿಸಿತು. ದೇಶದ ನೆಲದ ಸುಮಾರು ಹತ್ತರಲ್ಲೊಂದು ಪಾಲು ಇಂಥದು. ಅದರಲ್ಲಿ ರಕ್ಷಿತವಾದುದು ನೂರಕ್ಕೆ ಐದಕ್ಕೂ ಕಡಮೆ. ಅಂಕಿಗಳಿಗಿಂತ ಮುಖ್ಯವಾದುದು ಪದದ ಬದಲಾವಣೆ. ಆದರೂ ನಮ್ಮದೊಂದು ಆಕ್ಷೇಪಣೆಯುಂಟು. ಹೊಸ ಪದದಲ್ಲಿ ಪರಿಸರವಿದೆ, ಕುರಿಗಾರನಿಲ್ಲ. ಗಾಯರಾಣವೆಂಬ ಹಳೆಯ ಪದದಲ್ಲಿ ನೆಲವೂ ದನವೂ ದನ ಕಾಯುವವನೂ ಒಟ್ಟಿಗೆ ಇದ್ದರು. ತೋಳ ಕುರಿಯನ್ನು ಒಯ್ದರೆ ನಷ್ಟ ಕುರಿಗಾರನದು. ಚಿಗರಿ ತೊಗರಿಯ ಚಿಗುರನ್ನು ಮೇದರೆ ನಷ್ಟ ರೈತನದು. ಈ ನಷ್ಟವನ್ನು ಬರೆಯದೆ ತೋಳದ ಸಂಖ್ಯೆಯನ್ನು ಮಾತ್ರ ಬರೆಯುವ ಪ್ರಬಂಧ ಅರ್ಧ ಸತ್ಯವನ್ನು ಹೇಳುತ್ತದೆ. ಅರ್ಧ ಸತ್ಯದ ಮೇಲೆ ಕಟ್ಟಿದ ಧಾಮಕ್ಕೆ ಊರಿನವರೇ ವಿರೋಧಿಗಳಾದರೆ ಆಶ್ಚರ್ಯಪಡಬೇಕಾಗಿಲ್ಲ.

ಎರಡನೆಯ ಪದ ಇಳುವರಿ. ಇದು ಹೊಲದ ಪದ. ಕಡಲಿನ ಶಾಸ್ತ್ರಕ್ಕೆ ಎರವಲಾಗಿ ಹೋಗಿದೆ. ಹೊಲದಲ್ಲಿ ಬಿತ್ತಿದವನು ಬೆಳೆಯುತ್ತಾನೆ; ಕಡಲಿನಲ್ಲಿ ಬಿತ್ತುವವರಾರೂ ಇಲ್ಲ. 1954ರಲ್ಲಿ ಶೇಫರ್ ಎಂಬ ವಿಜ್ಞಾನಿ ಒಂದು ಗಣಿತಸೂತ್ರವನ್ನು ಮಂಡಿಸಿದನು. ಮೀನಿನ ಸಂತತಿ ತನ್ನಷ್ಟಕ್ಕೆ ವೃದ್ಧಿಯಾಗುತ್ತದೆ. ಆ ವೃದ್ಧಿಯಷ್ಟನ್ನೇ ಹಿಡಿದರೆ ಮೂಲಧನಕ್ಕೆ ಕೈಹಾಕದೆ ಬಡ್ಡಿಯನ್ನು ಉಂಡಂತಾಗುತ್ತದೆ. ಬಡ್ಡಿ ಅತ್ಯಧಿಕವಾಗುವ ಒಂದು ಬಿಂದು ಇದೆ ಎಂಬುದು ಅದರ ಸಾರ. 1957ರಲ್ಲಿ ಬೆವರ್ಟನ್ ಮತ್ತು ಹೋಲ್ಟ್ ಈ ಬಗೆಯ ಲೆಕ್ಕಾಚಾರವನ್ನು ಬಹಳ ವಿಸ್ತಾರವಾಗಿ ಬೆಳೆಸಿದರು. ಇದರಿಂದ ಉಪಕಾರವಾಗಿಲ್ಲವೆಂದು ಹೇಳುವುದು ಅನ್ಯಾಯ. ಹಿಡಿಯುವುದಕ್ಕೂ ಒಂದು ಮಿತಿಯುಂಟೆಂಬ ವಿಚಾರವನ್ನು ಸರಕಾರಗಳಿಗೆ ಕಲಿಸಿದುದು ಈ ಸೂತ್ರವೇ. ಆದರೆ 1977ರಲ್ಲಿ ಲಾರ್ಕಿನ್ ಎಂಬ ಕೆನಡಾದ ವಿದ್ವಾಂಸನು ಈ ಕಲ್ಪನೆಗೆ ಚರಮಗೀತೆಯನ್ನೇ ಬರೆದನು. ಒಂದೊಂದು ಜಾತಿಯ ಮೀನನ್ನು ಬೇರೆಬೇರೆಯಾಗಿ ಲೆಕ್ಕಹಾಕುವ ಈ ವಿಧಾನ, ಒಂದು ಇನ್ನೊಂದನ್ನು ತಿಂದು ಬದುಕುವ ಕಡಲಿಗೆ ಸಲ್ಲದು ಎಂಬುದು ಅವನ ಆಕ್ಷೇಪಣೆಗಳಲ್ಲಿ ಒಂದು. 1992ರಲ್ಲಿ ಕೆನಡಾದ ಪೂರ್ವತೀರದಲ್ಲಿ ಕಾಡ್ ಮೀನಿನ ಹಿಡಿಯುವಿಕೆಯನ್ನೇ ನಿಲ್ಲಿಸಬೇಕಾಗಿ ಬಂದಾಗ ಲೆಕ್ಕದ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಮೀನು ಮಾತ್ರ ಇರಲಿಲ್ಲ.

ನಮ್ಮ ಪಡುವಣ ಕರಾವಳಿಯ ಚರಿತ್ರೆ ಇದಕ್ಕಿಂತಲೂ ಬೋಧಪ್ರದವಾದುದು. ಮಂಗಳೂರಿನವರು ಬೂತಾಯಿ ಎಂದೂ ಕಾರವಾರದವರು ತಾರ್ಲೆ ಎಂದೂ ಕರೆಯುವ ಮೀನು ಕೆಲವು ವರ್ಷ ರಾಶಿರಾಶಿಯಾಗಿ ಬರುವುದು, ಕೆಲವು ವರ್ಷ ಮುಖವನ್ನೇ ತೋರಿಸದಿರುವುದು ಬಹುಕಾಲದಿಂದ ತಿಳಿದ ವಿಷಯ. 1920ರ ದಶಕದಲ್ಲಿಯೇ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯ್ಡು ಈ ಮೀನಿನ ಜೀವನವನ್ನೂ ಅದಕ್ಕೆ ಆಹಾರವಾದ ಪ್ಲವಕಜೀವಿಗಳನ್ನೂ ಕುರಿತು ಬರೆದರು. ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ ಈ ಮೀನು 2021ರಲ್ಲಿ 4 ಸಾವಿರ ಟನ್ನಿಗೂ ಇಳಿಯಿತು. ಬಲೆಗಳು ಹೆಚ್ಚಾದುವೆಂಬುದೊಂದೇ ಕಾರಣದಿಂದ ಇಂಥ ಏರಿಳಿತವನ್ನು ವಿವರಿಸಲಾಗದು. ಮಳೆಗಾಲದ ಬಲ, ಆಳದಿಂದ ಮೇಲೇರುವ ತಣ್ಣೀರು, ಕಡಲಿನ ಉಷ್ಣತೆ ಇವೆಲ್ಲವೂ ಸೇರುತ್ತವೆ. ವರ್ಷದಿಂದ ವರ್ಷಕ್ಕೆ ಇಷ್ಟು ಚಂಚಲವಾದ ಸಂತತಿಗೆ ಸ್ಥಿರವಾದ ಒಂದು ಇಳುವರಿಯನ್ನು ಗೊತ್ತುಮಾಡುವುದು ಹರಿಯುವ ನೀರಿಗೆ ಗೂಟ ಹೊಡೆದಂತೆ.

ಇಳುವರಿಯ ಮೊತ್ತದಲ್ಲಿ ಮರೆಯಾಗುವುದು ಇನ್ನೊಂದಿದೆ. ಕರ್ನಾಟಕದ ಕರಾವಳಿಯಲ್ಲಿ ರಂಪಣಿ ಎಂಬ ಬೃಹತ್ತಾದ ದಡಬಲೆಯಿತ್ತು. ಅದನ್ನು ಎಳೆಯಲು ಊರಿಗೆ ಊರೇ ಸೇರಬೇಕಾಗುತ್ತಿತ್ತು; ಸಿಕ್ಕಿದುದರಲ್ಲಿ ಎಳೆದವರಿಗೆಲ್ಲ ಪಾಲಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದುವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಸುತ್ತುಗಟ್ಟಿ ಎತ್ತುವುದು ಸಾಧ್ಯವಾದ ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಒಟ್ಟು ಟನ್ನುಗಳನ್ನು ಮಾತ್ರ ನೋಡುವವನಿಗೆ ಇಲ್ಲಿ ಏನೂ ಆಗಿಲ್ಲ. ಬೂತಾಯಿ ಬೂತಾಯಿಯೇ, ಬಂಗುಡೆ ಬಂಗುಡೆಯೇ. ಅದೃಷ್ಟವಶಾತ್ ಕೇಂದ್ರ ಕಡಲಮೀನುಗಾರಿಕೆ ಸಂಶೋಧನ ಸಂಸ್ಥೆಯವರು ಬಲೆವಾರಾಗಿಯೂ ಲೆಕ್ಕವಿಟ್ಟಿದ್ದಾರೆ. ಆದಕಾರಣ ಈ ಚರಿತ್ರೆಯನ್ನು ಇಂದು ಓದಲು ಸಾಧ್ಯವಾಗಿದೆ. ಲೆಕ್ಕವನ್ನು ಹೇಗೆ ವಿಂಗಡಿಸುವೆವು ಎಂಬುದೇ ಮುಂದಿನವರು ಏನನ್ನು ತಿಳಿಯಬಲ್ಲರು ಎಂಬುದನ್ನು ನಿರ್ಣಯಿಸುತ್ತದೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯೂ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ವಿಧಿಸುವ 61 ದಿನಗಳ ನಿಷೇಧವೂ ಬೇಕಾದವುಗಳೇ. ಆದರೆ ನಿಷೇಧದ ದಿನಗಳನ್ನು ಎಣಿಸುವುದರಿಂದಲೇ ನಿರ್ವಹಣೆಯಾಯಿತೆಂದು ತಿಳಿದರೆ ಅದು ಇಳುವರಿಯ ದೃಷ್ಟಿಯ ಇನ್ನೊಂದು ಮುಖವಾಗುತ್ತದೆ.

ಈ ದೋಷ ಕರಾವಳಿಗೆ ಮಾತ್ರ ಸೇರಿದುದಲ್ಲ. ನಮ್ಮ ಒಳನಾಡಿನ ಜಲಾಶಯಗಳಲ್ಲಿ ಗಂಗೆಯ ಮೂಲದ ಕಾಟ್ಲಾ, ರೋಹು ಮರಿಗಳನ್ನು ಬಿಡುವುದು ರೂಢಿ. 1952ರಲ್ಲಿ ಆಫ್ರಿಕದ ಮೂಲದ ತಿಲಾಪಿಯ ಭಾರತಕ್ಕೆ ಬಂದು ಕೆರೆಕುಂಟೆಗಳನ್ನೆಲ್ಲ ಹೊಕ್ಕಿತು. ಟನ್ನುಗಳ ಲೆಕ್ಕದಲ್ಲಿ ಇದು ಏಳಿಗೆ. ಬಡವರ ತಟ್ಟೆಗೆ ಮೀನು ಬಂತೆಂಬುದೂ ಸುಳ್ಳಲ್ಲ. ಆದರೆ ಭೀಮೆಯದೇ ಆದ ಮೀನುಗಳು ಆ ಟನ್ನುಗಳಲ್ಲಿ ಎಷ್ಟಿವೆ ಎಂಬ ಪ್ರಶ್ನೆಯನ್ನು ಮೊತ್ತ ಕೇಳುವುದಿಲ್ಲ.

ಇಲ್ಲಿಂದ ಮೂರನೆಯ ಪದಕ್ಕೆ ಬರುವೆವು. ಅದು ಪಟ್ಟಿ. ನಮ್ಮ ವಿಭಾಗಗಳಲ್ಲಿ ಸಿದ್ಧವಾಗುವ ಪ್ರಬಂಧಗಳಲ್ಲಿ ಬಹುಪಾಲು ಪಟ್ಟಿಗಳೇ: ಇಂಥ ಕೆರೆಯ ಪಕ್ಷಿಗಳು, ಇಂಥ ಜಲಾಶಯದ ಮೀನುಗಳು. ಪಟ್ಟಿಯನ್ನು ನಾವು ತುಚ್ಛೀಕರಿಸುವುದಿಲ್ಲ. ಏನಿದೆಯೆಂದು ತಿಳಿಯದೆ ಮುಂದಿನ ಯಾವ ವಿಚಾರವೂ ಸಾಗದು. ಆದರೆ ಪಟ್ಟಿ ಆರಂಭವಾಗಬೇಕಾದಲ್ಲಿ ಅಂತ್ಯವಾಗಿಬಿಟ್ಟಿದೆ. ಲ್ಯಾಟಿನ್ ಹೆಸರುಗಳ ಒಂದು ಅಂಕಣ, ಇದೆ ಇಲ್ಲವೆಂಬ ಗುರುತಿನ ಒಂದು ಅಂಕಣ, ಕಡೆಯಲ್ಲಿ ಸಂರಕ್ಷಣೆ ಅಗತ್ಯವೆಂಬ ಒಂದು ವಾಕ್ಯ: ಇಷ್ಟರಲ್ಲಿ ಪ್ರಬಂಧ ಮುಗಿಯುತ್ತದೆ.

ಮೇಲೆ ಹೇಳಿದ ಸೈಕ್ಸ್ 1839ರ ಸುಮಾರಿಗೆ ದಖ್ಖನದ ಮೀನುಗಳನ್ನೂ ವರ್ಣಿಸಿದನು. ಅವನು ನೋಡಿದ ನದಿಗಳಲ್ಲಿ ಭೀಮೆ ಮತ್ತು ಅದರ ಉಪನದಿಗಳು ಮುಖ್ಯವಾದುವು. ಅವನು ಇಟ್ಟ ಹೆಸರುಗಳನ್ನು ಗಮನಿಸಿರಿ: ಕೋಲುಸ್, ಪೊಟೇಲ್, ಮುಸುಲ್ಲಾ, ಫುಲಂಗೀ. ಇವು ಗ್ರೀಕವೂ ಅಲ್ಲ, ಲ್ಯಾಟಿನ್ನೂ ಅಲ್ಲ. ನದಿಯ ದಡದ ಬೆಸ್ತರ ಬಾಯಿಂದ ಬಂದ ಮಾತುಗಳು. ಪರದೇಶದ ಸೈನಿಕನೊಬ್ಬ ಮೀನನ್ನು ಕೈಯಲ್ಲಿ ಹಿಡಿದು ಇದರ ಹೆಸರೇನೆಂದು ಕೇಳಿದನು, ಕೇಳಿದುದನ್ನು ಬರೆದುಕೊಂಡನು. ಆ ಹೆಸರುಗಳು ಇಂದಿಗೂ ಜಗತ್ತಿನ ಮತ್ಸ್ಯಶಾಸ್ತ್ರದಲ್ಲಿ ಬಾಳುತ್ತಿವೆ. ಅದೇ ಭೀಮೆಯ ದಡದಲ್ಲಿ ಹುಟ್ಟಿ, ಅದೇ ಭಾಷೆಗಳನ್ನಾಡುವ ನಾವು ಇಂದು ಪಟ್ಟಿ ಮಾಡುವಾಗ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ, ಲಂಬಾಣಿ ಎಲ್ಲವೂ ಕೂಡಿದ ಈ ಸೀಮೆಯಲ್ಲಿ ಒಂದೊಂದು ಜೀವಿಗೆ ನಾಲ್ಕಾರು ಹೆಸರುಗಳಿರಲು ಸಾಕು. ಅವುಗಳಲ್ಲಿ ಒಂದೂ ಪ್ರಬಂಧಕ್ಕೆ ಬಾರದೆ ಹೋಗುತ್ತಿದೆ.

ಇದರಿಂದ ಆಗುವ ನಷ್ಟ ಭಾಷೆಗೆ ಮಾತ್ರ ಆದುದೆಂದು ತಿಳಿಯಬಾರದು. ಒಮ್ಮೆ ಕಮಲಾಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಬೆಣ್ಣೆತೊರೆಯ ಮೀನುಗಳ ಪಟ್ಟಿಯೊಂದನ್ನು ನಮ್ಮ ಮುಂದಿಟ್ಟಳು. ಪಟ್ಟಿ ಅಚ್ಚುಕಟ್ಟಾಗಿತ್ತು. ನಿಮ್ಮ ಊರಿನವರು ಹೇಳುವ ಯಾವುದಾದರೂ ಮೀನು ಇದರಲ್ಲಿ ಬಿಟ್ಟುಹೋಗಿದೆಯೇ ಎಂದು ಕೇಳಿದೆವು. ಅವಳು ಸ್ವಲ್ಪ ಸಂಕೋಚದಿಂದ, "ನಮ್ಮ ಮುತ್ಯಾ ಹಾವ್‌ಮೀನ ಬರತಿತ್ತು ಅಂತಾರ‍್ರಿ ಸರ್. ಈಗ ಬರಂಗಿಲ್ಲಂತ. ನಾವು ನೋಡಿಲ್ಲ, ಅದಕ್ಕ ಬರದಿಲ್ರಿ" ಎಂದಳು. ನೋಡದುದನ್ನು ಬರೆಯದಿದ್ದುದು ಅವಳ ಪ್ರಾಮಾಣಿಕತೆ. ಆದರೆ ಇಡಿಯ ಪಟ್ಟಿಗಿಂತ ಬೆಲೆಯುಳ್ಳ ಮಾತು ಅದೊಂದೇ ಆಗಿತ್ತೆಂದು ನಮಗೆ ಈಗಲೂ ತೋರುತ್ತದೆ.

ಏಕೆಂದರೆ, ನಿಜವಾದ ಹಾವುಮೀನು ಸಿಹಿನೀರಿನಲ್ಲಿ ಹುಟ್ಟುವುದಿಲ್ಲ. ಅದು ಕಡಲಿನಲ್ಲಿ ಹುಟ್ಟಿ, ಎಳೆಯದಾಗಿರುವಾಗ ನದೀಮುಖವನ್ನು ಹೊಕ್ಕು, ಪ್ರವಾಹಕ್ಕೆ ಎದುರಾಗಿ ನೂರಾರು ಮೈಲು ಮೇಲೇರಿ, ವರ್ಷಗಟ್ಟಲೆ ಒಳನಾಡಿನ ಮಡುಗಳಲ್ಲಿ ಬೆಳೆದು, ಸಂತಾನಕ್ಕಾಗಿ ಮತ್ತೆ ಕಡಲಿಗೆ ಇಳಿಯತಕ್ಕದ್ದು. ಕೃಷ್ಣಾ ಜಲಾನಯನದಿಂದ ಅದು ದಾಖಲಾಗಿದೆ. ಮುತ್ಯಾ ಹೇಳಿದುದು ಆ ಮೀನೇ ಆಗಿದ್ದರೆ, ಅದು ಬಾರದಿರುವುದಕ್ಕೆ ಕಾರಣವನ್ನು ಬೆಣ್ಣೆತೊರೆಯಲ್ಲಿ ಮಾತ್ರ ಹುಡುಕಿ ಫಲವಿಲ್ಲ. ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ವಿಜಯವಾಡಗಳ ಕಟ್ಟೆಗಳನ್ನು ದಾಟಿ ಕೊಲ್ಲಿಯವರೆಗೂ ಹೋಗಬೇಕಾಗುತ್ತದೆ. ವಿಜಯವಾಡದಲ್ಲಿ ಕೃಷ್ಣೆಗೆ ಅಡ್ಡಲಾಗಿ ಮೊದಲ ಕಟ್ಟೆ ಮುಗಿದುದು 1855ರಲ್ಲಿ. ಇಂಥ ಕಟ್ಟೆಗಳು ವಲಸೆಯ ಮೀನುಗಳಿಗೆ ತಡೆಯಾಗುತ್ತಿರುವುದನ್ನು ಫ್ರಾನ್ಸಿಸ್ ಡೇ 1873ರ ವರದಿಯಲ್ಲಿಯೇ ಎತ್ತಿ ಹೇಳಿದ್ದನು. ಕಟ್ಟೆಗಳು ಮೇಲಕ್ಕೆ ಮೀನನ್ನು ತಡೆದಂತೆ ಕೆಳಕ್ಕೆ ನೀರನ್ನೂ ಮೆಕ್ಕಲನ್ನೂ ತಡೆದುವು; ಕೃಷ್ಣೆಯ ಮುಖಜಭೂಮಿಯ ಅಂಚು ಕೆಲವೆಡೆ ಕಡಲಿಗೆ ಜರಿಯುತ್ತಿರುವುದನ್ನು ಈಚಿನ ಅಧ್ಯಯನಗಳು ತೋರಿಸಿವೆ. ಅಲ್ಲಿಯ ಕಾಂಡ್ಲಾ ಕಾಡಿನ ಭವಿಷ್ಯಕ್ಕೂ ನಮ್ಮ ಹೊಲದ ಕಾಲುವೆಗೂ ನಡುವೆ ಇರುವ ದಾರಿ ಒಂದೇ ನದಿ.

ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ಮುಳ್ಳುಬೆನ್ನಿನ ಬೇರೊಂದು ಉದ್ದ ಮೀನಿಗೂ ನಮ್ಮವರು ಹಾವುಮೀನೆಂದೇ ಹೇಳುವುದುಂಟು; ಅದು ಸಿಹಿನೀರಿನಲ್ಲಿಯೇ ಹುಟ್ಟಿ ಬೆಳೆಯುವುದು. ಮುತ್ಯಾನ ಮೀನು ಅದೇ ಆಗಿದ್ದರೆ ನಮ್ಮ ತರ್ಕವೆಲ್ಲ ಕುಸಿಯುತ್ತದೆ. ಆದುದರಿಂದ ಹೆಸರು ಪುರಾವೆಯಲ್ಲ, ಪ್ರಶ್ನೆ. ಹೆಸರಿಲ್ಲದ ಮಾದರಿ ಮೂಕ. ಮಾದರಿಯಿಲ್ಲದ ಹೆಸರು ಸಂದಿಗ್ಧ. ಇವೆರಡನ್ನೂ ಕೂಡಿಸುವುದೇ ಸಂಶೋಧಕನ ಕೆಲಸ. 1995ರಲ್ಲಿ ಡೇನಿಯಲ್ ಪಾಲಿ ಎಂಬ ಮತ್ಸ್ಯವಿಜ್ಞಾನಿ ಒಂದು ಮಾತನ್ನು ತೋರಿಸಿಕೊಟ್ಟನು: ಪ್ರತಿಯೊಂದು ತಲೆಮಾರಿನ ವಿಜ್ಞಾನಿಯೂ ತಾನು ಕೆಲಸಕ್ಕೆ ತೊಡಗಿದಾಗ ಕಂಡ ಸ್ಥಿತಿಯನ್ನೇ ಸಹಜಸ್ಥಿತಿಯೆಂದು ಭಾವಿಸುತ್ತಾನೆ, ಹೀಗೆ ಅಳೆಯುವ ಕೋಲೇ ತಲೆಮಾರಿನಿಂದ ತಲೆಮಾರಿಗೆ ಮೋಟಾಗುತ್ತ ಹೋಗುತ್ತದೆ. ಪಟ್ಟಿ ಇದ್ದುದನ್ನು ಬರೆಯಬಲ್ಲುದು; ಬಾರದೆ ಹೋದುದನ್ನು ಬರೆಯಲಾರದು. ಬಾರದೆ ಹೋದುದರ ದಾಖಲೆ ಇರುವುದು ಮುದುಕರ ನೆನಪಿನಲ್ಲಿ. ಆ ಗ್ರಂಥಾಲಯ ವರ್ಷವರ್ಷಕ್ಕೂ ಬರಿದಾಗುತ್ತಿದೆ.

ಮೇಲಿನ ಮೂರು ಪದಗಳಲ್ಲಿಯೂ ದೋಷ ಒಂದೇ. ಬಂಜರು ಎಂಬ ಪದ ನೆಲವನ್ನು ಕಂದಾಯದಿಂದಲೂ, ಇಳುವರಿ ಎಂಬ ಪದ ಕಡಲನ್ನು ಟನ್ನಿನಿಂದಲೂ, ಪಟ್ಟಿ ಎಂಬ ಪದ ಜೀವಿಗಳನ್ನು ಇಂದಿನ ಎಣಿಕೆಯಿಂದಲೂ ಅಳೆಯುತ್ತವೆ. ಮೂರರಲ್ಲಿಯೂ ಕಾಲವಿಲ್ಲ, ಜನರಿಲ್ಲ, ಮೇಲುಹೊಳೆಗೂ ಕೆಳಹೊಳೆಗೂ ಇರುವ ಸಂಬಂಧವಿಲ್ಲ. ಇದನ್ನು ತಿದ್ದಲು ದೊಡ್ಡ ಅನುದಾನವಾಗಲಿ ಪರದೇಶದ ಯಂತ್ರವಾಗಲಿ ಬೇಕಾಗಿಲ್ಲ. ನಮ್ಮ ವಿಭಾಗಗಳಲ್ಲಿ ಸಿದ್ಧವಾಗುವ ಪ್ರತಿಯೊಂದು ಪಟ್ಟಿಗೂ ಮೂರು ಅಂಕಣಗಳನ್ನು ಸೇರಿಸಬೇಕೆಂದು ಸೂಚಿಸುವೆವು: ಊರಿನ ಹೆಸರು, ಅದನ್ನು ಹೇಳಿದ ಭಾಷೆಯೊಡನೆ, ಹಿಂದೆ ಇದ್ದು ಈಗ ಇಲ್ಲವೆಂದು ಹಿರಿಯರು ಹೇಳುವುದು, ಹೇಳಿಕೆಯೆಂಬ ಗುರುತಿನೊಡನೆ, ಆ ಜೀವಿಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು. ನಾಲ್ಕನೆಯದಾಗಿ, ಪ್ರಬಂಧದ ಸಾರವನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆದು, ಮಾಹಿತಿ ಕೊಟ್ಟ ಊರಿಗೆ ಮುಟ್ಟಿಸಬೇಕು. ಕೊಟ್ಟವರಿಗೆ ತಿರುಗಿ ತಿಳಿಸದಿರುವುದು ಶಾಸ್ತ್ರಕ್ಕೂ ಒಪ್ಪದು, ಸೌಜನ್ಯಕ್ಕೂ ಒಪ್ಪದು.

ಆರಂಭಿಸುವುದಕ್ಕೆ ಕಲಬುರಗಿಯಿಂದ ಕಮಲಾಪುರದವರೆಗಿನ ದಾರಿಯೇ ಸಾಕು. ನಗರದ ಅಪ್ಪನ ಕೆರೆ, ಮೀನಿನ ಪೇಟೆ, ಹೆದ್ದಾರಿಯ ಬದಿಯ ಮಡ್ಡಿ, ಬೆಣ್ಣೆತೊರೆಯ ಸೇತುವೆಯ ಕೆಳಗಿನ ನೀರು, ಕಮಲಾಪುರದ ಬಾಳೆಯ ತೋಟದ ಕಾಲುವೆ: ಒಂದು ವರ್ಷದ ಕೆಲಸ ಇಲ್ಲಿ ಬಿದ್ದಿದೆ. ಆ ವಿದ್ಯಾರ್ಥಿನಿಗೆ ನಾವು ಅಂದು ಹೇಳಿದುದು ಇಷ್ಟೇ: ಮುತ್ಯಾ ಇನ್ನೂ ಇದ್ದರೆ, ಎರಡು ಬಗೆಯ ಹಾವುಮೀನಿನ ಚಿತ್ರಗಳನ್ನೂ ತೆಗೆದುಕೊಂಡು ಹೋಗಿ ತೋರಿಸು; ಯಾವುದರ ಮೇಲೆ ಬೆರಳಿಡುವರೋ ಬರೆದುಕೋ; ಯಾವ ವರ್ಷದವರೆಗೆ ಬರುತ್ತಿತ್ತೆಂದು ಕೇಳು. ಪಟ್ಟಿಯ ಕಡೆಯಲ್ಲಿ ಆ ಒಂದು ಸಾಲು ಸೇರಲಿ.